ಕಾಂಡಕೊರಕದ ಪಾದದಲ್ಲಿ ಗೆಣ್ಣು ನಾಲ್ಕೋ, ಐದೋ?

ಕಾಫಿಗಿಡ:
ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ದುಂಬಿಯನ್ನು ಕೀ (ಲಕ್ಷಣಗಳನ್ನು ಒಂದೊಂದಾಗಿ ನೋಡಿ ಕೀಟದ ಹೆಸರು ಹಿಡಿಯುವ ಪಟ್ಟಿ) ಹಿಡಿದು ಗುರುತಿಸುತ್ತಿದ್ದೇನೆ. ಮೂರೂ ಜೊತೆ ಕಾಲುಗಳ ಪಾದದಲ್ಲಿ ಐದೈದು ಗೆಣ್ಣು ಇರಬೇಕು ಅನ್ನುತ್ತದೆ ಕೀ. 10 ಪಟ್ಟಿನ ಲೆನ್ಸ್‌ನಲ್ಲಿ ನಾಲ್ಕೇ ಕಾಣುತ್ತಿವೆ. ಒಣಗಿದ ಮಾದರಿ, ಮುರಿದಿರಬಹುದೇ? ಅಥವಾ ಇದು ಬೇರೆ ಕುಟುಂಬದ್ದೇ?

ಹುಳುಪೆಟ್ಟಿಗೆ:
ತುದಿಯಲ್ಲಿ ಜೋಡಿ ಉಗುರು ಇದ್ದರೆ ಮುರಿದಿಲ್ಲ. ಉಗುರನ್ನು ಗೆಣ್ಣೆಂದು ಎಣಿಸಬೇಡಿ. ನಾಲ್ಕನೆಯದು ಅಡಗಿದೆ: ಮೂರನೆಯ ಗೆಣ್ಣು ಎರಡು ಹಾಲೆಯಾಗಿ ಸೀಳಿರುತ್ತದೆ, ಆ ಸೀಳಿನ ಒಳಗೆ, ಉಗುರುಗೆಣ್ಣಿನ ಬುಡದಲ್ಲಿ ಪುಟ್ಟ ಗಂಟಿನಂತೆ ಇರುವುದೇ ಅದು. ಅಡಿಯಿಂದ ನೋಡಿದರೆ ರೋಮದ ಮೆತ್ತೆ ಮುಚ್ಚಿಬಿಡುತ್ತದೆ, ಮೇಲಿನಿಂದ ನೋಡಿ. 10 ಪಟ್ಟು ಸಾಲದು, 40 ಪಟ್ಟಿನ ಸ್ಟೀರಿಯೋ ಮೈಕ್ರೋಸ್ಕೋಪ್ ಇದ್ದರೆ ಅನುಮಾನ ಉಳಿಯುವುದಿಲ್ಲ.

ಒಣ ದುಂಬಿಯ ಕಾಲನ್ನು ಹಾಗೇ ಎಳೆದರೆ ಪಾದ ಪುಡಿಯಾಗುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಕಿ, ದುಂಬಿಗೆ ನೀರು ತಾಗದಂತೆ ಒಂದು ದಿನ ಇಡಿ. ಮೆತ್ತಗಾದ ಮೇಲೆ ಬಲಗಡೆಯ ಒಂದು ಹಿಂಗಾಲನ್ನಷ್ಟೇ ಬಿಡಿಸಿ, ಒಳಗಿನ ಮಾಂಸ ಕರಗಿ ಗೆಣ್ಣು ಸ್ಪಷ್ಟವಾಗಲು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ರಾತ್ರಿಯಿಡೀ ನೆನೆಸಿ. ಕೈಗವಸು ಕಡ್ಡಾಯ. ಅವಸರಕ್ಕೆ ಕುದಿಸಿದರೆ ಗೆಣ್ಣುಗಳು ಕಳಚಿಕೊಳ್ಳಬಹುದು. ಬೆಳಿಗ್ಗೆ ನೀರಲ್ಲಿ ತೊಳೆದು ಗ್ಲಿಸರಿನ್ ಹನಿಯಲ್ಲಿ ನೋಡಿ.

ಕಾಫಿಗಿಡ:
ಸಿಕ್ಕಿತು, ಧನ್ಯವಾದ. ಗುಲಗಂಜಿ ಹುಳುವಿನಲ್ಲಿ ಮೂರೇ ಕಾಣುತ್ತವಲ್ಲ, ಅಲ್ಲೂ ಇದೇ ಕಥೆಯೇ? ಹಾಗಿದ್ದರೆ ಎರಡೂ ಹತ್ತಿರದ ನಂಟೇ?

ಆರುಕಾಲು:
ಕಥೆ ಅದೇ, ನಂಟು ಬೇರೆ. ಗುಲಗಂಜಿ ಹುಳುವಿನಲ್ಲಿ ನಿಜವಾಗಿ ಇರುವುದು ನಾಲ್ಕು, ಮೂರನೆಯದು ಎರಡನೆಯದರ ಹಾಲೆಗಳ ಮರೆಯಲ್ಲಿದೆ. 1762ರಲ್ಲಿ ಫ್ರಾನ್ಸಿನ ಕೀಟತಜ್ಞ ಜೆಫ್ರ್ವಾ ದುಂಬಿಗಳನ್ನು ವಿಂಗಡಿಸಲು ಪಾದದ ಗೆಣ್ಣೆಣಿಕೆಯನ್ನೇ ಆಧಾರ ಮಾಡಿಕೊಂಡ. ಎಣಿಸಲು ಸುಲಭ, ಹಾಗಾಗಿ ಬಹುಕಾಲ ಬಾಳಿತು. ಆದರೆ ಗೆಣ್ಣು ಕುಗ್ಗುವುದು, ಕಳೆದುಹೋಗುವುದು ದುಂಬಿಗಳ ಬೇರೆ ಬೇರೆ ಕವಲುಗಳಲ್ಲಿ ತಂತಾನೇ ಹಲವು ಸಲ ನಡೆದಿದೆ, ಎಣಿಕೆ ಒಂದೇ ಆದಮಾತ್ರಕ್ಕೆ ಮೂಲ ಒಂದಾಗುವುದಿಲ್ಲ. ಹಾಗೆಂದು ಆ ಗುರುತನ್ನು ಎಸೆಯಲೂ ಬಾರದು. ನಾಲ್ಕನೆಯದು ಅಡಗಿರುವ ಈ ವಿನ್ಯಾಸ ಕಾಂಡಕೊರಕ, ಎಲೆದುಂಬಿ, ಮೂತಿಹುಳು ಮೂರರಲ್ಲೂ ಇದೆ; ಡಿಎನ್‌ಎ ಹೋಲಿಕೆಯೂ ಇವನ್ನು ಒಂದೇ ಕವಲಿನಲ್ಲಿ ಕೂರಿಸುತ್ತದೆ.

ಉಪಗಣ (ದುಂಬಿಗಳ ದೊಡ್ಡ ವಿಭಾಗ, ಕುಟುಂಬಕ್ಕಿಂತ ಮೇಲಿನದು) ತಿಳಿಯಬೇಕಾದರೆ ಪಾದ ಬಿಟ್ಟು ದುಂಬಿಯನ್ನು ಅಂಗಾತ ಮಲಗಿಸಿ. ಹಿಂಗಾಲಿನ ಬುಡದ ಕೋಕ್ಸಾ ಹೊಟ್ಟೆಯ ಮೊದಲ ಫಲಕವನ್ನು ಹಿಂದಿನ ಅಂಚಿನವರೆಗೂ ಸೀಳಿ ಎರಡು ಹೋಳು ಮಾಡಿದ್ದರೆ ಅದು ಅಡೆಫಾಗಾ: ನೆಲದುಂಬಿ, ಹುಲಿದುಂಬಿ ಇತ್ಯಾದಿ. ಆ ಅಂಚು ತುಂಡಾಗದೆ ಅಡ್ಡಲಾಗಿ ಹಾದುಹೋಗಿದ್ದರೆ ಸಾಮಾನ್ಯವಾಗಿ ಪಾಲಿಫಾಗಾ. ದುಂಬಿಗಳ ನೂರಕ್ಕೆ ಸುಮಾರು 90 ಪ್ರಭೇದ ಅಲ್ಲೇ ಇವೆ, ನಿಮ್ಮ ಕಾಂಡಕೊರಕವೂ ಅಲ್ಲಿನದೇ.

ಹುಳುಪೆಟ್ಟಿಗೆ:
ಇನ್ನೊಂದು ಮಾತು. ಒಂದೇ ಕಾಲು ಎಣಿಸಿ ಬರೆದುಕೊಳ್ಳಬೇಡಿ. ಟೆನೆಬ್ರಿಯೋನಿಡೇ ಕುಟುಂಬದ ಕಪ್ಪು ದುಂಬಿಗಳಲ್ಲಿ ಮುಂಗಾಲು, ನಡುಗಾಲು, ಹಿಂಗಾಲಿನ ಗೆಣ್ಣಿನ ಲೆಕ್ಕ 5-5-4. ಮುಂಗಾಲು ಮಾತ್ರ ನೋಡಿದವರು ಅದನ್ನು ಎಲ್ಲ ಕಾಲಲ್ಲೂ ಐದೈದು ಇರುವ ನೆಲದುಂಬಿ ಅಂದುಕೊಳ್ಳುತ್ತಾರೆ. ಬಿಡಿಸಿದ ಕಾಲನ್ನು ಗ್ಲಿಸರಿನ್ ತುಂಬಿದ ಚಿಕ್ಕ ಸೀಸೆಗೆ ಹಾಕಿ, ಮಾದರಿಯ ಪಿನ್ನಿಗೇ ಸಿಕ್ಕಿಸಿಡಿ.