ಸಹಾಯ ಬೇಕು: ಘಾಟಿ ಓಡಾಟಕ್ಕೆ ಕ್ರೆಟಾದ ಯಾವ ವೇರಿಯಂಟ್?

ನಮಸ್ಕಾರ. ಊರು ತೀರ್ಥಹಳ್ಳಿ, ಮನೆಯಲ್ಲಿ 5 ಜನ. ಹ್ಯುಂಡೈ ಕ್ರೆಟಾ ಡೀಸೆಲ್ ಅಂತ ತೀರ್ಮಾನ ಆಗಿದೆ, ವೇರಿಯಂಟ್ ಮಾತ್ರ ಬಗೆಹರೀತಿಲ್ಲ. 6 ಏರ್‌ಬ್ಯಾಗ್ ಎಲ್ಲದರಲ್ಲೂ ಇದೆ, ಆ ಚಿಂತೆಯಿಲ್ಲ. ಮಗಳಿಗೆ ಬೇಕಾದ ಪನೋರಮಿಕ್ ಸನ್‌ರೂಫ್ (ಚಾವಣಿಯ ದೊಡ್ಡ ಗಾಜು) ಎಸ್ ಆಪ್ಷನಲ್ ವೇರಿಯಂಟ್‌ನಲ್ಲೂ ಸಿಗುತ್ತೆ. ಅದಕ್ಕಿಂತ ಮೇಲಿನ ಎಸ್‌ಎಕ್ಸ್ ಆಪ್ಷನಲ್‌ಗೆ ಹೋದರೆ ಅಡಾಸ್ (ಕ್ಯಾಮೆರಾ, ರೇಡಾರ್‌ನಿಂದ ರಸ್ತೆಯ ಗೆರೆ, ಮುಂದಿನ ಗಾಡಿ ನೋಡಿ ಎಚ್ಚರಿಸೋ, ಬೇಕಾದರೆ ಬ್ರೇಕ್ ಹಾಕೋ ವ್ಯವಸ್ಥೆ), ಗಾಳಿಯಾಡೋ ವೆಂಟಿಲೇಟೆಡ್ ಸೀಟು ಸಿಗುತ್ತೆ.

ಅಮ್ಮನಿಗೆ ಮಂಡಿನೋವು. ಶೋರೂಮಲ್ಲಿ ಬಾಗಿಲು ಹಿಡಿದು, ಒಂದು ಕಾಲು ಒಳಗಿಟ್ಟು, ಹಾಗೇ ಸೀಟಿಗೆ ಜಾರಿ ಕೂತರು. ಬಗ್ಗೋದೂ ಬೇಕಾಗಲಿಲ್ಲ, ಹತ್ತೋದೂ ಬೇಕಾಗಲಿಲ್ಲ. ನಾನು ಗಾಡಿ ಒಪ್ಪಿದ್ದೇ ಆಗ.

ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗ್ತೀವಿ. ಆ ಹೇರ್‌ಪಿನ್ ತಿರುವಲ್ಲಿ, ಮಳೆಗಾಲದ ಮಂಜಲ್ಲಿ, ಬಿಳಿ ಗೆರೆಯೇ ಕಾಣದ ಕಡೆ ಅಡಾಸ್ ನಿಜಕ್ಕೂ ನೆರವಾಗುತ್ತಾ? ಘಾಟಿಯಲ್ಲಿ ಓಡಿಸಿದವರು ದಯವಿಟ್ಟು ಹೇಳಿ, ಈ ವಾರವೇ ಬುಕ್ ಮಾಡಬೇಕು.