‘ತುರ್ತು’ ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಕಡೆಯ ನಮ್ಮ ಊರಿಗಾಗಿ ಒಂದು ಕರಪತ್ರ ಬರೀತಾ ಇದ್ದೇನೆ. ಆಂಬುಲೆನ್ಸ್ ಯಾವಾಗ ಕರೆಸಬೇಕು, ಯಾವಾಗ ಜೀಪಲ್ಲೇ ಕರ್ಕೊಂಡು ಹೋದರೆ ಸಾಕು ಅನ್ನೋದು ವಿಷಯ. ಮೊದಲ ಸಾಲಲ್ಲೇ ಸಿಕ್ಕಿಕೊಂಡಿದ್ದೇನೆ.

ಎಮರ್ಜೆನ್ಸಿಗೂ ‘ತುರ್ತು’, ಅರ್ಜೆಂಟಿಗೂ ‘ತುರ್ತು’. ಇಂಗ್ಲೆಂಡಿನಲ್ಲಿ ಎರಡಕ್ಕೂ ಬೇರೆ ನಂಬರೇ ಇದೆ. ಜೀವಕ್ಕೆ ಅಪಾಯ ಅಂದರೆ 999, ಬೇಗ ಯಾರಾದರೂ ನೋಡಬೇಕು ಆದರೆ ಜೀವಕ್ಕೇನಿಲ್ಲ ಅಂದರೆ 111. ನಮ್ಮಲ್ಲೂ 108ರ ಜೊತೆಗೆ ಸಲಹೆಗೆ ಅಂತ 104 ಶುರುವಾಗಿತ್ತು, ಆದರೆ ನಮ್ಮೂರಿನವರ ಬಾಯಲ್ಲಿರೋದು ನೂರೆಂಟೊಂದೇ.

ಹೋದ ಮಳೆಗಾಲದಲ್ಲಿ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಒಬ್ಬರು ತೋಟದಲ್ಲಿ ಜಾರಿ ಬಿದ್ದರು. ಕಾಲಿನ ಗಂಟು ಬದನೆಕಾಯಿ ಥರ ಊದಿತ್ತು, ಆದರೆ ಬೆರಳು ಆಡಿಸ್ತಾ ಇದ್ದರು, ಮಾತಾಡ್ತಾ ಇದ್ದರು, ಮಧ್ಯೆ ಬೀಡಿ ಬೇರೆ ಕೇಳಿದರು. ಫೋನ್ ಮಾಡಿದ್ದು ನಾನೇ. ಎತ್ತಿದವರು ಏನಾದರೂ ಕೇಳೋಕೆ ಮೊದಲೇ ‘ತುಂಬಾ ತುರ್ತು’ ಅಂದುಬಿಟ್ಟೆ. ಸುಳ್ಳೇನಲ್ಲ ಅಲ್ವಾ, ನೋವು ತಿನ್ನೋರಿಗೆ ಅದು ತುರ್ತೇ. ಪಾಪ, ಆ ಮಳೆಯಲ್ಲಿ ಗಾಡಿ ಬಂತು. ಪಕ್ಕದ ತೋಟದ ಜೀಪು ಮಾತ್ರ ನಮ್ಮ ಅಂಗಳದಲ್ಲೇ ಸುಮ್ನೆ ನಿಂತಿತ್ತು.

‘ಇವತ್ತೇ ತೋರಿಸಬೇಕಾ, ಈ ಕ್ಷಣವೇ ಹೊರಡಬೇಕಾ’ ಅಂತ ನನ್ನನ್ನೇ ಕೇಳಿಕೊಂಡಿದ್ದರೆ ‘ಇವತ್ತು’ ಅಂತಿದ್ದೆ. ಹಾಗಾಗಿ ಅರ್ಜೆಂಟಿಗೆ ‘ಇವತ್ತೇ ತೋರಿಸಬೇಕಾದ್ದು’ ಅಂತ ಬರೆದು, ‘ತುರ್ತು’ ಅನ್ನೋದನ್ನ ಜೀವದ ಪ್ರಶ್ನೆಗೆ ಮಾತ್ರ ಉಳಿಸಿಕೊಂಡಿದ್ದೇನೆ. ಉದ್ದ ಆಯ್ತು, ಗೊತ್ತು. ಚಿಕ್ಕ ಪದ ಇದ್ದರೆ ಹೇಳಿ.

ಇನ್ನೊಂದು, ಟ್ರಯಾಜ್. ಯಾರಿಗೆ ಮೊದಲು ಗಾಡಿ, ಯಾರಿಗೆ ಫೋನಲ್ಲೇ ಸಲಹೆ ಸಾಕು ಅಂತ ಬೇರೆ ಮಾಡೋದು. ‘ಆದ್ಯತಾ ವರ್ಗೀಕರಣ’ ಅಂದರೆ ನಮ್ಮೂರಲ್ಲಿ ಯಾರೂ ಮುಂದಕ್ಕೆ ಓದಲ್ಲ. ಮೂಲ ಫ್ರೆಂಚಿನಲ್ಲಿ ಅದು ಬರೀ ಆರಿಸೋದು. ಇಂಗ್ಲಿಷ್ ನಿಘಂಟುಗಳಲ್ಲಿ ಇದಕ್ಕೆ ಕಾಫಿಯ ಅರ್ಥವೂ ಇದೆ: ಒಡೆದ ಬೀಜ, ಕೊನೇ ದರ್ಜೆ! ಕೊಡಗಿನವರಿಗೆ ಹೇಳಿ ಮಾಡಿಸಿದ ಪದ ಅಂತ ಖುಷಿಯಾಯ್ತು. ಆದರೆ ಬೀಜ ಆರಿಸುವಾಗ ಕೆಟ್ಟದ್ದು ಆಚೆಗೆ ಹೋಗುತ್ತೆ, ಇಲ್ಲಿ ಜಾಸ್ತಿ ಕೆಟ್ಟಿರೋದೇ ಮೊದಲು ಬರಬೇಕು. ಜೊತೆಗೆ ದೀಪವನ್ನೂ ‘ಆರಿಸ್ತೀವಿ’, ರೋಗಿಗಳ ವಿಷಯದಲ್ಲಿ ಆ ಪದ ಬೇಡವೇ ಬೇಡ. ಸದ್ಯಕ್ಕೆ ‘ವಿಂಗಡಿಸು’ ಇಟ್ಟಿದ್ದೇನೆ.

ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ಈ ಎರಡು ಥರದ ಅವಸರಕ್ಕೆ ಬೇರೆ ಬೇರೆ ಮಾತು ಇದೆಯಾ? ಮನೆಯಲ್ಲಿ ಅಜ್ಜಿ ಇರೋರು ಕೇಳಿ ತಿಳಿಸ್ತೀರಾ?