ಮನೆಯಲ್ಲೇ ಪಾಠ ಶುರು ಮಾಡುವವರ ಪ್ರಶ್ನೆಗಳು, ಶಿಕ್ಷಕಿಯ ಉತ್ತರಗಳು

ಪ್ರಶ್ನೆ (ಇಬ್ಬರು ಮಕ್ಕಳ ತಾಯಿ): ನಮಸ್ಕಾರ ಮೇಡಂ. ಮಗಳಿಗೆ 8 ವರ್ಷ, ಮಗನಿಗೆ 5. ಈ ವರ್ಷ ಮುಗಿದ ಮೇಲೆ ಇಬ್ಬರಿಗೂ ಮನೆಯಲ್ಲೇ ಕಲಿಸೋಣ ಅಂತ ನಾನು, ನಮ್ಮನೆಯವರು ತೀರ್ಮಾನ ಮಾಡಿದ್ದೇವೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಟೈಮ್‌ಟೇಬಲ್ ಹಾಕಿದ್ದೇನೆ. ಮುಂದಿನ ತರಗತಿಯ ಪುಸ್ತಕಗಳ ಪೂರ್ತಿ ಸೆಟ್ ತರಿಸಬೇಕು ಅಂತಿದ್ದೇನೆ. ಇನ್ನೇನು ಬೇಕು?

ಉತ್ತರ: ಸದ್ಯಕ್ಕೆ ಸೆಟ್ ತರಿಸಬೇಡಿ. ಟೈಮ್‌ಟೇಬಲನ್ನೂ ಪಕ್ಕಕ್ಕಿಡಿ.

ಶಾಲೆಯಲ್ಲಿ ಆರು ಗಂಟೆ ಹಿಡಿಯೋದು ಪಾಠಕ್ಕಲ್ಲ. ಹಾಜರಿ ತೆಗೆಯಬೇಕು, ಗಲಾಟೆ ನಿಲ್ಲಿಸಬೇಕು, ಎಲ್ಲರೂ ಬೋರ್ಡು ನೋಡಿ ಬರೆದು ಮುಗಿಸುವವರೆಗೆ ಕಾಯಬೇಕು. ಮನೆಯಲ್ಲಿ ಎದುರಿಗಿರೋದು ಒಂದೇ ಮಗು. 8 ವರ್ಷದವಳಿಗೆ ಕೂತು ಕಲಿಯುವ ಪಾಠ ದಿನಕ್ಕೆ ಒಂದೂವರೆ, ಎರಡು ಗಂಟೆ ಆದರೆ ಧಾರಾಳ. 5 ವರ್ಷದವನಿಗೆ ಅರ್ಧ ಗಂಟೆ, ಅದೂ ಬಿಡಿಬಿಡಿಯಾಗಿ. ಶಾರ್ಲೆಟ್ ಮೇಸನ್ (1842–1923) ಎಂಬ ಇಂಗ್ಲೆಂಡಿನ ಶಿಕ್ಷಣತಜ್ಞೆ ಚಿಕ್ಕ ಮಕ್ಕಳಿಗೆ ಒಂದು ಪಾಠ 15–20 ನಿಮಿಷ ಮೀರಬಾರದು ಅನ್ನುತ್ತಿದ್ದರು. ನನ್ನ ಅನುಭವವೂ ಅದೇ. ಗಮನ ತಪ್ಪಿದ ಮೇಲೆ ಕೂರಿಸಿದರೆ ಮಗು ಕಲಿಯೋದು ಗಡಿಯಾರ ನೋಡೋದನ್ನ ಮಾತ್ರ.

ಹೆಸರು ತೆಗೆಸುವ ಮುಂಚೆ ನೀವಿರುವ ಜಾಗದ ಕಾನೂನು ಓದಿ. ದೇಶದಿಂದ ದೇಶಕ್ಕೆ ಇದು ಪೂರ್ತಿ ಬೇರೆ. ಜರ್ಮನಿಯಲ್ಲಿ ಮಕ್ಕಳು ಶಾಲೆಗೇ ಹೋಗಬೇಕು, ವಿನಾಯಿತಿ ತೀರಾ ಕಡಿಮೆ. ಇಂಗ್ಲೆಂಡಿನಲ್ಲಿ ಅವಕಾಶ ಇದೆ, ಶಾಲೆಗಳಿಗಿರುವ ರಾಷ್ಟ್ರೀಯ ಪಠ್ಯಕ್ರಮವನ್ನೇ ಮನೆಯಲ್ಲೂ ಅನುಸರಿಸಬೇಕು ಅಂತಿಲ್ಲ. ಅಮೆರಿಕದ 50 ರಾಜ್ಯಗಳಲ್ಲೂ ಕಾನೂನು ಒಪ್ಪುತ್ತದೆ, ಆದರೆ ನ್ಯೂಯಾರ್ಕ್ ರಾಜ್ಯ ಮೂರು ತಿಂಗಳಿಗೊಮ್ಮೆ ವರದಿ ಕೇಳುತ್ತದೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಾಲೆಯ ಬಗ್ಗೆ ಹೇಳುತ್ತದೆ, ಮನೆಪಾಠದ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ. ಯಾರೋ ಗ್ರೂಪಿನಲ್ಲಿ ಹೇಳಿದರು ಅಂತ ನಂಬಬೇಡಿ. ನಾನು ಹೇಳಿದರೂ ಅಷ್ಟೇ, ನಿಮ್ಮಲ್ಲಿಯ ನಿಯಮವನ್ನು ನೀವೇ ನೋಡಿ. ಶಾಲೆ ಕೊಡುವ ವರ್ಗಾವಣೆ ಪತ್ರ, ಅಂಕಪಟ್ಟಿ ಎಲ್ಲ ಜೋಪಾನವಾಗಿರಲಿ. ಮತ್ತೆ ಶಾಲೆಗೆ ಸೇರಿಸುವ ದಿನ ಬಂದರೆ ಬೇಕಾಗುತ್ತೆ.

ಇನ್ನು ಪಾಠ. ಮೊದಲ ಕೆಲವು ವಾರ ಒಂದೇ ಕೆಲಸ: ಮಗಳಿಗೆ ನಿಜಕ್ಕೂ ಏನು ಬರುತ್ತೆ ಅಂತ ನೋಡೋದು. ಅಂಕಪಟ್ಟಿ ಇದನ್ನು ಹೇಳುವುದಿಲ್ಲ. ಅವಳು ನೋಡಿರದ ಒಂದು ಪುಟ ಕೊಟ್ಟು ಗಟ್ಟಿಯಾಗಿ ಓದಿಸಿ. ಆಮೇಲೆ ಪುಸ್ತಕ ಮುಚ್ಚಿ, ಏನಾಯ್ತು ಹೇಳು ಅನ್ನಿ. ಎಷ್ಟೋ ಮಕ್ಕಳು ತಡವರಿಸದೆ ಓದುತ್ತಾರೆ, ಕಥೆ ಕೇಳಿದರೆ ಬಾಯಿ ಬಿಡುವುದಿಲ್ಲ.

ಗಣಿತಕ್ಕೆ 403ರಿಂದ 178 ಕಳೆಯಲು ಹೇಳಿ. ಬೇಕಂತಲೇ ನಡುವೆ ಸೊನ್ನೆ ಇರುವ ಸಂಖ್ಯೆ ಕೊಟ್ಟಿದ್ದೇನೆ. ಉತ್ತರ 225 ಬಂದರೂ ಬಿಡಬೇಡಿ, ಆ 4 ಯಾಕೆ 3 ಆಯ್ತು ಅಂತ ಕೇಳಿ. "ಸಾಲ ತಗೊಂಡೆ" ಅಂತ ಹೇಳಿ ಸುಮ್ಮನಾದರೆ ವಿಧಾನ ಬಾಯಿಪಾಠ ಆಗಿದೆ, ಅರ್ಥ ಆಗಿಲ್ಲ. ಆಗ ಕಡ್ಡಿಗಳನ್ನು ತನ್ನಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು. ಅಂಥ ಹತ್ತು ಕಟ್ಟು ಒಂದು ಚೀಲಕ್ಕೆ ಹಾಕಿದರೆ ನೂರು. 403 ಅಂದರೆ ನಾಲ್ಕು ಚೀಲ, ಮೂರು ಬಿಡಿ ಕಡ್ಡಿ. ಅದರಿಂದ 8 ಬಿಡಿ ಕೊಡು ಅನ್ನಿ. ಕೊಡಲು ಆಗಲ್ಲ, ಬಿಡಿ ಕಟ್ಟೂ ಇಲ್ಲ. ಒಂದು ಚೀಲ ಬಿಚ್ಚಲೇಬೇಕು. ಹತ್ತು ಕಟ್ಟು ಹೊರಬರುತ್ತವೆ. ಅದರಲ್ಲಿ ಒಂದನ್ನು ಬಿಚ್ಚಿದರೆ ಒಂಬತ್ತು ಕಟ್ಟು, ಹದಿಮೂರು ಬಿಡಿ. ಸೊನ್ನೆ ಹೇಗೆ 9 ಆಯ್ತು ಅಂತ ಅವಳೇ ಹೇಳುತ್ತಾಳೆ. ಇದಕ್ಕೆ ಒಂದು ವಾರ ಹೋದರೂ ಹೋಗಲಿ. ಮುಂದೆ ಭಾಗಾಕಾರ, ದಶಮಾಂಶ ಎಲ್ಲ ನಿಲ್ಲೋದು ಇದರ ಮೇಲೆ. ಶಾಲೆಯಲ್ಲಿ ನಮಗೆ ಈ ಒಂದು ವಾರ ಸಿಗುತ್ತಿರಲಿಲ್ಲ, ಸಿಲಬಸ್ ಓಡುತ್ತಿತ್ತು.

ಇಷ್ಟು ನೋಡಿದ ಮೇಲೆ ಯಾವ ಪುಸ್ತಕ ಬೇಕು ಅಂತ ನಿಮಗೇ ತಿಳಿಯುತ್ತೆ. ಓದು ಮತ್ತು ಲೆಕ್ಕ ದಿನಾ ಇರಲಿ. ಉಳಿದ ವಿಷಯಗಳನ್ನು ಒಂದೊಂದಾಗಿ ಸೇರಿಸಿ.

ಪ್ರಶ್ನೆ (ಇನ್ನೊಬ್ಬರು): ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಆನ್‌ಲೈನ್ ಕ್ಲಾಸ್ ಹಾಕಿಸಿದರೆ ನಡೆಯುತ್ತಾ? ಮಗುವಿಗೆ 7 ವರ್ಷ.

ಉತ್ತರ: ನಡೆಯಲ್ಲ. 7 ವರ್ಷದ ಮಗುವನ್ನು ಸ್ಕ್ರೀನ್ ಮುಂದೆ ಕೂರಿಸಿ ಹೋಗೋದನ್ನು ಮನೆಪಾಠ ಅನ್ನಲಾರೆ. ಪಾಠ ಸಂಜೆ ಆಗಬಹುದು, ಭಾನುವಾರವೂ ಆಗಬಹುದು, ಅದು ತೊಂದರೆ ಇಲ್ಲ. ಆದರೆ ಹಗಲಿಡೀ ಜೊತೆಗಿರಲು, ಮಾತಾಡಲು ಒಬ್ಬ ದೊಡ್ಡವರು ಬೇಕೇ ಬೇಕು. ಕೆಲಸದ ಸಮಯ ಹಂಚಿಕೊಳ್ಳಲು ಆದರೆ ನೋಡಿ. ಇಲ್ಲದಿದ್ದರೆ ಒಳ್ಳೆಯ ಶಾಲೆಯೇ ಮೇಲು.

ಪ್ರಶ್ನೆ (ಒಬ್ಬ ತಂದೆ): ಮೇಡಂ, ಮಗನಿಗೆ 12 ವರ್ಷ. ಶಾಲೆಯಲ್ಲಿ ಹುಡುಗರು ತುಂಬಾ ಕಾಡುತ್ತಿದ್ದರು, ಅದಕ್ಕೇ ಬಿಡಿಸಿದೆವು. ಎರಡು ವಾರ ಆಯ್ತು. ಪುಸ್ತಕ ಮುಟ್ಟಲ್ಲ, ಇಡೀ ದಿನ ಮಲಗಿರುತ್ತಾನೆ, ಇಲ್ಲ ಮೊಬೈಲ್. ತಪ್ಪು ಮಾಡಿದೆವಾ ಅನ್ನಿಸುತ್ತಿದೆ.

ಉತ್ತರ: ಎರಡು ವಾರಕ್ಕೆ ಹಾಗೆ ತೀರ್ಮಾನಿಸಬೇಡಿ. ಶಾಲೆ ಬಿಟ್ಟ ಮಕ್ಕಳಿಗೆ ಸುಧಾರಿಸಿಕೊಳ್ಳಲು ಸಮಯ ಬೇಕು. ಮನೆಯಲ್ಲಿ ಕಲಿಸುವವರಲ್ಲಿ ಒಂದು ಲೆಕ್ಕ ಓಡಾಡುತ್ತೆ, ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಒಂದೊಂದು ತಿಂಗಳು ಬಿಡುವು ಕೊಡಿ ಅಂತ. ಅದು ಅನುಭವದ ಮಾತು, ನಿಯಮ ಏನಲ್ಲ. ಅಷ್ಟು ತಿಂಗಳು ಎಲ್ಲವನ್ನೂ ಬಿಟ್ಟುಬಿಡಿ ಅಂತ ನಾನಂತೂ ಹೇಳಲ್ಲ. ಏಳುವ ಹೊತ್ತು ಒಂದಿರಲಿ. ದಿನಾ ಸ್ವಲ್ಪ ಹೊತ್ತು ಹೊರಗೆ ಹೋಗಲಿ. ಏನಾದರೂ ಒಂದು ಪುಸ್ತಕ ನೀವೇ ಅವನಿಗೆ ಓದಿ ಹೇಳಿ, 12 ವರ್ಷದವರಿಗೂ ಇದು ಇಷ್ಟ ಆಗುತ್ತೆ. ರಾತ್ರಿ ಮೊಬೈಲ್ ಅವನ ಕೋಣೆಯಲ್ಲಿ ಬೇಡ, ನಿಮ್ಮದೂ ಹೊರಗಿರಲಿ. ಸದ್ಯಕ್ಕೆ ಇಷ್ಟೇ ಸಾಕು.

ಒಂದನ್ನು ಮಾತ್ರ ಕಣ್ಣಿಟ್ಟು ನೋಡಿ. ಊಟ, ನಿದ್ದೆ ಕೆಟ್ಟು, ಯಾರ ಜೊತೆಗೂ ಮಾತಿಲ್ಲದೆ, ಮೊದಲು ಇಷ್ಟಪಡುತ್ತಿದ್ದ ಆಟವೂ ಬೇಡ ಅನ್ನುತ್ತಿದ್ದರೆ ಕಾಯಬೇಡಿ, ಮಕ್ಕಳ ಮಾನಸಿಕ ಆರೋಗ್ಯ ನೋಡುವವರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತೇನಾದರೂ ಆಡಿದರೆ ಅವತ್ತೇ ಹೋಗಿ, ಅವನನ್ನು ಒಂಟಿಯಾಗಿ ಬಿಡಬೇಡಿ. ಶಾಲೆ ಬಿಡಿಸಿದ ಮಾತ್ರಕ್ಕೆ ಮನಸ್ಸಿನ ಪೆಟ್ಟು ವಾಸಿಯಾಗಲ್ಲ.

ಪಾಠಕ್ಕೆ ಬಂದಾಗ ಭಿನ್ನರಾಶಿಯಿಂದ ಶುರು ಮಾಡಿ. ಅರ್ಧ ಮತ್ತು ಮೂರನೇ ಒಂದು ಭಾಗ ಕೂಡಿಸು ಅಂದರೆ ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳು ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಕೂಡಿಸಿ 2/5 ಅನ್ನುತ್ತಾರೆ. ಅದು ಅರ್ಧಕ್ಕಿಂತ ಕಡಿಮೆ ಅಲ್ವಾ ಅಂತ ಕೇಳಿ. ಅವನು ಒಂದು ಕ್ಷಣ ತಡೆದು ಯೋಚಿಸಿದರೆ ದಾರಿ ಸರಿಯಿದೆ.

ಪ್ರಶ್ನೆ (ಮೊದಲ ತಾಯಿ ಮತ್ತೆ): ಪರೀಕ್ಷೆ ಇಲ್ಲದೆ ಕಲಿತಿದ್ದಾರೋ ಇಲ್ಲವೋ ಹೇಗೆ ಗೊತ್ತಾಗುತ್ತೆ? ಮುಂದೆ ಸರ್ಟಿಫಿಕೇಟ್ ಹೇಗೆ? ಮತ್ತೆ ನಮ್ಮ ಅತ್ತೆ, ಮಕ್ಕಳು ಜನರ ಜೊತೆ ಬೆರೆಯೋದೇ ಮರೆತುಬಿಡುತ್ತಾರೆ ಅಂತಿದ್ದಾರೆ.

ಉತ್ತರ: ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಶಾಲೆಯಲ್ಲಿ ತಾನಾಗೇ ಆಗುತ್ತಿದ್ದದ್ದನ್ನು ಇನ್ನು ನೀವು ಏರ್ಪಾಡು ಮಾಡಬೇಕು. ದಿನಕ್ಕೊಂದು ಹೊಸ ಜಾಗಕ್ಕೆ ಕರೆದೊಯ್ದರೆ ಗೆಳೆತನ ಆಗಲ್ಲ. ವಾರ ವಾರ ಅದೇ ಮಕ್ಕಳು ಸಿಗಬೇಕು. ಆಟದ ತಂಡ, ಸಂಗೀತದ ಕ್ಲಾಸು, ಯಾವುದಾದರೂ ಸರಿ. ಜಗಳ ಆಡಿ ಮತ್ತೆ ಒಂದಾಗಲು ಅವಕಾಶ ಇರಬೇಕು.

ಕಲಿತದ್ದು ತಿಳಿಯಲು ಪುಸ್ತಕ ಮುಚ್ಚಿ ಕೇಳೋದೇ ಉಪಾಯ. ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ 1885ರಲ್ಲಿ ಪ್ರಕಟಿಸಿದ. ಮರೆವು ಮೊದಲಿಗೆ ಜೋರು, ಆಮೇಲೆ ನಿಧಾನ. ಹಾಗಾಗಿ ಮಾರನೇ ದಿನ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಒಮ್ಮೆ ಕೇಳಿ. ತಿಂಗಳಿಗೊಂದು ಬರೆದ ಹಾಳೆಯನ್ನು ತಾರೀಖು ಹಾಕಿ ಫೈಲಿನಲ್ಲಿಡಿ. ಯಾರಾದರೂ ವಿಚಾರಿಸಿದರೆ ತೋರಿಸಲೂ ಆಯ್ತು.

ಸರ್ಟಿಫಿಕೇಟಿಗೆ ಓಪನ್ ಸ್ಕೂಲ್ ಇದೆ, ಅಂದರೆ ದಿನಾ ತರಗತಿಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ವ್ಯವಸ್ಥೆ. ಕೆಲವು ಬೋರ್ಡುಗಳಲ್ಲಿ ಖಾಸಗಿ ಅಭ್ಯರ್ಥಿಯಾಗಿ, ಅಂದರೆ ಶಾಲೆಗೆ ಸೇರದೆ ನೇರವಾಗಿ ಬರೆಯಬಹುದು. ಪರೀಕ್ಷೆಗೆ ಎರಡು ವರ್ಷ ಮುಂಚೆಯೇ ವಿಷಯ, ವಯಸ್ಸಿನ ಮಿತಿ, ಕೇಂದ್ರ ವಿಚಾರಿಸಿ. ವಿಜ್ಞಾನದ ಪ್ರಾಕ್ಟಿಕಲ್ ಎಲ್ಲಿ ಮಾಡಿಸುತ್ತಾರೆ ಅಂತ ಕೇಳೋದನ್ನು ಮರೆಯಬೇಡಿ. ಜಾಸ್ತಿ ಜನ ಸಿಕ್ಕಿಬೀಳೋದು ಅಲ್ಲೇ.

ಪ್ರಶ್ನೆ (ಅದೇ ತಾಯಿ): ಸರಿ ಮೇಡಂ. ಮಗ ಇನ್ನೂ ಅಕ್ಷರ ಬರೆಯಲ್ಲ. ಅವನಿಗೆ ಕಾಪಿ ಬರೆಸೋದು ಯಾವಾಗ ಶುರು ಮಾಡಲಿ?

ಉತ್ತರ: 5 ವರ್ಷಕ್ಕೆ ಆತುರ ಬೇಡ. ಫಿನ್ಲೆಂಡಿನಲ್ಲಿ ಒಂದನೇ ತರಗತಿಗೆ ಸೇರಿಸೋದೇ ಮಗುವಿಗೆ 7 ತುಂಬುವ ವರ್ಷ. ಈಗ ಜೇಡಿಮಣ್ಣು ಕಲಸಲಿ, ಕತ್ತರಿಯಲ್ಲಿ ಕಾಗದ ಕತ್ತರಿಸಲಿ, ಮಣಿ ಪೋಣಿಸಲಿ. ಬೆರಳಿಗೆ ಬಲ ಬರಬೇಕು. ದಿನಾ ಕಥೆ ಓದಿ ಹೇಳಿ, ಒಂದೇ ಶಬ್ದದಿಂದ ಶುರುವಾಗುವ ಪದಗಳ ಆಟ ಆಡಿಸಿ. ಅಕ್ಕ ಬರೆಯುವಾಗ ಪಕ್ಕದಲ್ಲಿ ಒಂದು ಸ್ಲೇಟು ಇಟ್ಟಿರಿ, ಕೊಡು ಅಂತ ಅವನೇ ಕೇಳಿದರೆ ಕೊಡಿ.